ಪಂಪಕ್ಕನ ಹದಿನಾಲ್ಕು ಕೋಳಿಗಳು

ಕೆರೆಯ ಪಂಪ್‌ಹೌಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೋಟರು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಜನ ಇಟ್ಟ ಹೆಸರು ಪಂಪಕ್ಕ. ಓದಿದ್ದು ಐದನೇ ಕ್ಲಾಸು. ಆದರೆ ಕೆರೆಯ ಕಾಡುಹಕ್ಕಿ ಜಂಬುಕೋಳಿಯ ವಿಷಯದಲ್ಲಿ ಅವಳಿಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಮೈ ನೇರಳೆ ನೀಲಿ, ಕೊಕ್ಕಿನಿಂದ ನೆತ್ತಿಯವರೆಗೆ ಕೆಂಪು, ಕಾಲ್ಬೆರಳುಗಳೋ ಮಾರುದ್ದ. ಹೆಜ್ಜೆಗೊಮ್ಮೆ ಬಾಲ ಚಿಮ್ಮಿಸಿ ಅಡಿಯ ಬಿಳಿ ತೋರಿಸುತ್ತದೆ. ಜಂಬುಹುಲ್ಲಿನ ದಂಟನ್ನು ಒಂದು ಕಾಲಲ್ಲಿ ಎತ್ತಿ ಹಿಡಿದು, ನಾವು ಕಬ್ಬು ತಿನ್ನುವ ಹಾಗೆ ಸಿಗಿದು ತಿನ್ನುತ್ತದೆ. "ಬಣ್ಣ ನೋಡಿದ್ರೆ ಮದುಮಗಳು, ಬಾಯಿ ಕೇಳಿದ್ರೆ ನಮ್ಮತ್ತೆ" ಎಂದು ನಗುತ್ತಿದ್ದಳು. ಗೂಡು ಕಟ್ಟುವುದೂ ಜಂಬಿನ ನಡುವೆಯೇ. ಜಂಬು ಹೋದರೆ ಅವುಗಳ ಸಂಸಾರವೂ ಹೋದಂತೆ.

ಕೆರೆ ಶುಚಿ ಮಾಡಲೆಂದು ಸರ್ಕಾರ ಆ ಜಂಬನ್ನೆಲ್ಲ ಯಂತ್ರದಿಂದ ಕೀಳಿಸಲಿತ್ತು. ಅದಕ್ಕೆ ಮೊದಲು, ಕೆರೆಯಲ್ಲಿ ಕಾಡುಹಕ್ಕಿಗಳಿವೆಯೇ ಎಂದು ಬರೆದುಕೊಳ್ಳಲು ಕಚೇರಿಯ ಗುಮಾಸ್ತ ಬಂದ. ನೀರಿನತ್ತ ತಿರುಗಿಯೂ ನೋಡದೆ ಪಂಪ್‌ಹೌಸಿನ ಬಾಗಿಲಲ್ಲೇ ನಿಂತು ಕೇಳಿದ:

"ಏನೇನು ಹಕ್ಕಿ ಇದಾವಮ್ಮಾ?"

"ನಮ್ಮ ಕೋಳಿಗಳು ಇದಾವಲ್ಲ ಸಾರ್, ಹದಿನಾಲ್ಕು. ಈಗ ಮೊಟ್ಟೆ ಬೇರೆ ಇಟ್ಟಿದಾವೆ" ಎಂದಳು, ಅಕ್ಕರೆಯಿಂದ.

ಹದಿನೈದು ದಿನಕ್ಕೆ ಅವಳ ಹೆಸರಿಗೇ ನೋಟಿಸು ಬಂತು. ಕಾಡುಹಕ್ಕಿಗಳು: ಇಲ್ಲ. ತಾವು ಅನಧಿಕೃತವಾಗಿ ಸಾಕಿರುವ ಹದಿನಾಲ್ಕು ಕೋಳಿಗಳನ್ನು ಮೂರು ದಿನದೊಳಗೆ ತೆರವುಗೊಳಿಸತಕ್ಕದ್ದು.

ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದಳು.

"ಸಾರ್, ಅವು ಸಾಕಿದ್ದಲ್ಲ. ಜಂಬುಕೋಳಿ. ನೀಲಿ ಬಣ್ಣ."

"ಬಣ್ಣ ಬರೆಯೋ ಕಾಲಂ ಇಲ್ಲಮ್ಮ. ಕೋಳಿ ಅಂದ್ರೆ ಕೋಳಿ. ನಮ್ಮದು ಅಂತ ನೀವೇ ಅಂದಿದ್ದು."

"ಬಾಯಿಮಾತಿಗೆ ನಮ್ಮ ಕೆರೆ ಅಂತೀವಿ. ಹಾಗಂತ ಕೆರೆ ನಮ್ಮಪ್ಪಂದಾ?"

ಗುಮಾಸ್ತ ನಕ್ಕ. ತಿದ್ದಬೇಕಾದರೆ ಸಾಹೇಬರ ಸಹಿ ಬೇಕು. ಸಾಹೇಬರು ಬರುವುದು ಸೋಮವಾರ, ಯಂತ್ರ ಬರುವುದು ಶನಿವಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಾರಿಯುದ್ದಕ್ಕೂ ತನ್ನ ನಾಲಿಗೆಯನ್ನೇ ಶಪಿಸುತ್ತ ಪಂಪಕ್ಕ ಮನೆಗೆ ಬಂದಳು.

ಶನಿವಾರ ಮಂಡಿಯವರೆಗೆ ನೀರಿಗಿಳಿದು ಯಂತ್ರಕ್ಕೆ ಕೈ ಅಡ್ಡ ಹಿಡಿದಳು. "ನಿಲ್ಸಿದ್ರೆ ನನ್ನ ಕೆಲಸ ಹೋಗುತ್ತಕ್ಕಾ" ಎಂದ ಡ್ರೈವರ್. ಅವನ ಕಣ್ಣಲ್ಲೂ ಕೇಡಿರಲಿಲ್ಲ. ಅವಳು ಪಕ್ಕಕ್ಕೆ ಸರಿದಳು. ಮಧ್ಯಾಹ್ನಕ್ಕೆ ಜಂಬು ದಂಡೆಯ ಮೇಲೆ ರಾಶಿ ಬಿದ್ದಿತ್ತು. ಹಕ್ಕಿಗಳು ಕಾಲು ಇಳಿಬಿಟ್ಟುಕೊಂಡು ಬಯಲು ನೀರಿನ ಮೇಲೆ ಅರಚುತ್ತ ಸುತ್ತುತ್ತಿದ್ದವು.

ಡ್ರೈವರ್ ತನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

"ತಗೊಳ್ಳಿ ಅಕ್ಕಾ, ನಿಮ್ಮ ಕೋಳಿ ಮೊಟ್ಟೆ. ಸಿಕ್ಕಿದ್ದು ಇಷ್ಟೇ. ಮನೆ ಕೋಳಿ ಕೆಳಗೆ ಕಾವಿಗೆ ಇಟ್ಬಿಡಿ."

ಐದಿದ್ದವು, ಮೈತುಂಬ ಕಂದು ಚುಕ್ಕಿ, ಇನ್ನೂ ಬೆಚ್ಚಗೆ. ಜನ್ಮದಲ್ಲಿ ಒಂದು ಕೋಳಿಯನ್ನೂ ಸಾಕಿರದ ಪಂಪಕ್ಕ ಅವನ್ನು ಮಡಿಲಿಗೆ ಹಾಕಿಕೊಂಡು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತಳು. ಎಲ್ಲಿ ತಣ್ಣಗಾದಾವೋ ಎಂದು ಏಳುವುದಕ್ಕೂ ಭಯವಾಯಿತು.