ಬಾಗಿಲ ಎಡಕ್ಕೆ ಬೇಸಿನ್

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ‘ಅಳತೆ ಅಕ್ಕ’ ಎಂದು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದಳು. ಕೊರಳಲ್ಲಿ ಸದಾ ಟೇಪು. ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಮಾತಾಡಿಸುವ ಮೊದಲೇ ಅವರ ಹೆಗಲಗಲ ಅವಳ ಲೆಕ್ಕಕ್ಕೆ ಸಿಕ್ಕಿರುತ್ತಿತ್ತು. ಗಂಡ ಸಿಟಿ ಬಸ್ಸಿನ ಡ್ರೈವರ್. ಮನೆಯಲ್ಲಿ ಇವರಿಬ್ಬರ ಜೊತೆಗೆ ಅತ್ತೆ, ಕಾಲೇಜಿಗೆ ಹೋಗುವ ಮಗಳು. ನಾಲ್ಕು ಜನಕ್ಕೆ ಇದ್ದದ್ದು ಒಂದೇ ಬಚ್ಚಲು.

ಆ ಬಚ್ಚಲಿನ ಗೋಡೆಯೊಳಗೆ ಪೈಪು ಒಡೆದು ನೀರು ಪಕ್ಕದ ಕೋಣೆಗೆ ಇಳಿಯತೊಡಗಿದಾಗ ಬೇರೆ ದಾರಿಯೇ ಉಳಿಯಲಿಲ್ಲ. ಟೈಲ್ಸ್ ಕಿತ್ತರು, ಹಳೆಯ ಕಮೋಡು ಹೊರಗೆ ಹೋಯಿತು, ನಲ್ಲಿಗಳು ಹೋದವು. ಉಳಿದದ್ದು ಬರಿಯ ಸಿಮೆಂಟಿನ ಗೂಡು. ಮೂವರು ಒಳಗೆ ನಿಂತರೆ ನಾಲ್ಕನೆಯವರು ಉಸಿರು ಬಿಗಿಹಿಡಿಯಬೇಕು, ಅಷ್ಟೇ ಜಾಗ. ಪ್ಲಂಬರ್ ಹೋಗುವಾಗ ಒಂದು ಮಾತು ಹೇಳಿ ಹೋದ: ಯಾವುದು ಎಲ್ಲಿ ಬರಬೇಕು ಅನ್ನುವುದನ್ನು ನೀವೇ ಕೂತು ತೀರ್ಮಾನ ಮಾಡಿ, ಪೈಪು ಗೋಡೆಯೊಳಗೆ ಹೋದಮೇಲೆ ನನ್ನನ್ನು ಬೈದು ಪ್ರಯೋಜನವಿಲ್ಲ.

ತೀರ್ಮಾನ ಅಷ್ಟು ಸುಲಭಕ್ಕೆ ಆಗುತ್ತದೆಯೇ? ಅತ್ತೆಗೆ ಕೂತು ಸ್ನಾನ ಮಾಡಲು ಜಾಗ ಬೇಕು, ಏಳುವಾಗ ಹಿಡಿಯಲು ಕಂಬಿ ಬೇಕು. ಮಗಳಿಗೆ ಶವರ್ ಬೇಕು, ಅದರ ನೀರು ಕನ್ನಡಿಗೆ ಸಿಡಿಯಬಾರದು. ಗಂಡನನ್ನು ಕೇಳಿದರೆ, ನಲ್ಲಿ ತಿರುಗಿಸಿದಾಗ ನೀರು ಬಂದರೆ ಸಾಕು ಎಂದು ಪೇಪರಿನ ಹಿಂದೆ ಮರೆಯಾದ. ಅಜ್ಜಿ-ಮೊಮ್ಮಗಳ ಜಗ್ಗಾಟ ಊಟದ ಹೊತ್ತಿಗೂ ಮುಗಿಯದಿದ್ದಾಗ ಅಳತೆ ಅಕ್ಕ ತನಗೆ ಗೊತ್ತಿದ್ದ ದಾರಿ ಹಿಡಿದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದಲ್ಲಿ ಕತ್ತರಿಸಿ ನೋಡುವುದಿಲ್ಲವೇ? ಹಾಗೆಯೇ ರಟ್ಟಿನ ಡಬ್ಬಗಳನ್ನು ಬಿಡಿಸಿ ಕಮೋಡು, ಬೇಸಿನ್ನು, ಅತ್ತೆಯ ಕಟ್ಟೆ ಎಲ್ಲವನ್ನೂ ನಿಜವಾದ ಅಳತೆಗೆ ಕತ್ತರಿಸಿದಳು.

ಕಮೋಡಿನ ಜಾಗ ಬದಲಿಸುವ ಹಾಗಿರಲಿಲ್ಲ. ಹೊರಗೆ ಹೋಗುವ ದೊಡ್ಡ ಪೈಪು ಹಿಂದಿನ ಗೋಡೆಗೇ ಇತ್ತು. ಅದರ ಪಕ್ಕದ ಮೂಲೆ ಸ್ನಾನಕ್ಕೆ. ಉಳಿದದ್ದು ಬೇಸಿನ್ನು. ಬಾಗಿಲು ದಾಟಿದ ಕೂಡಲೇ ಎಡಕ್ಕೆ ಒಂದು ಎತ್ತರದ ಸ್ಟೂಲು ಇಟ್ಟು, ಅದರ ಮೇಲೆ ರಟ್ಟಿನ ಬೇಸಿನ್ ಕೂರಿಸಿದಳು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ದಿನಾ ಹೇಗೆ ಬರ್ತೀರೋ ಹಾಗೇ ಬನ್ನಿ ಅಂದಳು. ಅತ್ತೆ ಗೋಡೆ ಹಿಡಿದುಕೊಂಡು ಬಂದು ರಟ್ಟಿನ ಕಟ್ಟೆಯ ಜಾಗದಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ನೋಡಿದರು. ಮಗಳು ಇಲ್ಲದ ಕನ್ನಡಿಯ ಮುಂದೆ ತಲೆ ಬಾಚಿಕೊಂಡಳು. ಎಲ್ಲ ಸರಿಯಾಗಿಯೇ ಇತ್ತು.

ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡನನ್ನು ಯೂನಿಫಾರ್ಮಿನಲ್ಲೇ ಒಳಗೆ ಕಳಿಸಿದಳು. ಅವನು ಹೋದವನೇ ಸ್ಟೂಲಿಗೆ ಡಿಕ್ಕಿ ಹೊಡೆದ. ರಟ್ಟು ಹಾರಿ ಬಿತ್ತು. ಆನೆ ನಡೆದದ್ದೇ ದಾರಿ ಎಂದು ಮಗಳು ನಕ್ಕಳು. ಮನೆಯಲ್ಲಿ ಅದು ಹಳೆಯ ತಮಾಷೆ. ಲೋಟ ಉರುಳಿಸುವವನು, ಚಪ್ಪಲಿ ಎಡವುವವನು ಯಾವಾಗಲೂ ಅವನೇ. ಸ್ಟೂಲನ್ನು ಗೋಡೆಗೆ ಇನ್ನಷ್ಟು ಒತ್ತಿ ಇಟ್ಟು ಮತ್ತೆ ಕರೆದಳು. ಮತ್ತೆ ಅದೇ ಕತೆ. ಈ ಸಲ ಅವಳಿಗೆ ರೇಗಿತು.

“ಕಣ್ಣೆಲ್ಲಿ ಇಟ್ಕೊಂಡಿದೀರಿ?”

“ಅಲ್ಲೇನಾದ್ರೂ ಇತ್ತಾ?” ಅಂದ ಅವನು.

ತಮಾಷೆಗೆ ಅಂದದ್ದಲ್ಲ. ಮುಖದಲ್ಲಿ ನಗುವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಅಳತೆ ಅಕ್ಕ ಬಿದ್ದ ರಟ್ಟನ್ನು ಎತ್ತಿಕೊಂಡಳು. ಸ್ಟೂಲನ್ನು ಬಲಕ್ಕೆ ಇಟ್ಟಳು. ಅವನು ಅದನ್ನು ತಿರುಗಿಯೂ ನೋಡದೆ ಬಳಸಿಕೊಂಡು ಹೋದ. ಎಡಕ್ಕೆ ಇಟ್ಟಳು. ಡಿಕ್ಕಿ.

ಅವಳು ಮಗಳನ್ನು ಅವನ ಎದುರಿಗೆ ನಿಲ್ಲಿಸಿ, ಮಗಳ ಮೂಗನ್ನೇ ನೋಡ್ತಿರಿ, ಬಟ್ಟೆ ಕಂಡಾಗ ಹೇಳಿ ಅಂದಳು. ತಾನು ಹಿಂದೆ ನಿಂತು ಒಂದು ಕೆಂಪು ಚಿಂದಿಯನ್ನು ಅವನ ಬಲಗಿವಿಯ ಹತ್ತಿರದಿಂದ ಮುಂದಕ್ಕೆ ತಂದಳು. ಅವನು ತಕ್ಷಣ ಕಂಡಿತು ಅಂದ. ಎಡಗಿವಿಯ ಹತ್ತಿರದಿಂದ ತಂದಳು. ಸದ್ದಿಲ್ಲ. ಕೆನ್ನೆ ದಾಟಿತು, ಸದ್ದಿಲ್ಲ. ಮೂಗಿನ ಹತ್ತಿರಕ್ಕೆ ಬರುವ ತನಕ ಅವನು ಮಗಳನ್ನು ನೋಡುತ್ತ ಹಾಗೇ ಕಾಯುತ್ತಿದ್ದ. ಹುಡುಗಿಯ ನಗು ನಿಂತುಹೋಯಿತು.

ಅಳತೆ ಅಕ್ಕನಿಗೆ ಒಂದೊಂದೇ ನೆನಪಾಗತೊಡಗಿತು. ಬಸ್ಸಿನ ಎಡಗಡೆಯ ಕನ್ನಡಿ ಮುರಿದದ್ದು, ಅದಕ್ಕೆ ಅವನು ಯಾವುದೋ ಲಾರಿಯವನನ್ನು ಬೈದದ್ದು. ರಸ್ತೆಯಲ್ಲಿ ಅವನ ಎಡಕ್ಕೆ ತಾನು ನಡೆದರೆ ಅವನು ಮೈಮೇಲೇ ಬರುತ್ತಿದ್ದದ್ದು, ಅದನ್ನು ತಾನು ಸಲಿಗೆ ಅಂದುಕೊಂಡದ್ದು. ಅವನ ಬಸ್ಸಿಗೆ ಜನ ಹತ್ತುವ ಬಾಗಿಲು ಇರುವುದೂ ಎಡಕ್ಕೇ. ಅವಳು ಗಂಡನ ಎದುರಿಗೆ ಬಂದು ನಿಂತಳು.

“ನಾಳೆ ಬಸ್ ತೆಗೀಬೇಡಿ.”

ಅವನಿಗೆ ಸಿಟ್ಟು ಬಂತು. ಮೊನ್ನೆ ತಾನೇ ಲೈಸೆನ್ಸ್ ಹೊಸದು ಮಾಡಿಸುವಾಗ ಅಕ್ಷರದ ಬೋರ್ಡಿನ ಕೊನೆಯ ಸಾಲನ್ನೂ ಪಟಪಟನೆ ಓದಿದವನು ನಾನು, ರಟ್ಟಿನ ಡಬ್ಬ ಇಟ್ಟು ನನ್ನ ಕಣ್ಣು ಪರೀಕ್ಷೆ ಮಾಡ್ತೀಯಾ ಎಂದು ಕೂಗಾಡಿದ. ಅವಳು ಚಿಂದಿಯನ್ನು ಅವನ ಕೈಗೆ ಕೊಟ್ಟು, ನೀವೇ ನೋಡ್ಕೊಳ್ಳಿ ಅಂದಳು. ಅವನು ನೇರಕ್ಕೆ ನೋಡುತ್ತ ಎಡಗೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿದ, ನಿಧಾನವಾಗಿ ಮುಂದಕ್ಕೆ ತಂದ. ತನ್ನ ಕೈಯೇ ತನಗೆ ಕಾಣಲಿಲ್ಲ. ಮತ್ತೆ ಮಾಡಿದ. ಆಮೇಲೆ ಬೋರಲು ಬಿದ್ದಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತ. ಚಿಂದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ.

“ಹೋದ ತಿಂಗಳು ಸ್ಟಾಪ್‌ನಲ್ಲಿ ಒಬ್ಳು ಮಗು ಎತ್ಕೊಂಡು ಓಡಿ ಬಂದ್ಳು ಕಣೇ. ಕಂಡಕ್ಟರ್ ಬಸ್ಸಿಗೆ ಬಡಿದಿದ್ದಕ್ಕೆ ಬ್ರೇಕ್ ಹಾಕ್ದೆ. ಎಲ್ಲಿಂದ ಬಂದ್ಳೋ ಗೊತ್ತೇ ಆಗ್ಲಿಲ್ಲ. ನೆಲದಿಂದ ಎದ್ದು ಬಂದ ಹಾಗೆ ಬಂದ್ಳು. ನಾನು ಅವಳಿಗೇ ಬೈದೆ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. “ನಿಮ್ಮಪ್ಪನೂ ಹೀಗೇ ಕಂಬಕ್ಕೆ ಹಾಯ್ತಿದ್ರಪ್ಪ,” ಅಂದರು. “ವಯಸ್ಸಾಯ್ತು ಅಂತ ಸುಮ್ನಿದ್ವಿ. ಕೊನೆಗೆ ಅವರಿಗೆ ಏನೂ ಕಾಣ್ತಿರ್ಲಿಲ್ಲ.”

ಮರುದಿನ ಅವನೇ ಡಿಪೋಗೆ ಹೋಗಿ ಹೇಳಿದ. ರಜೆಗೆ ನೆಪ ಹುಡುಕುತ್ತಿದ್ದಾನೆ ಎಂದುಕೊಂಡ ಮೇಲಧಿಕಾರಿ ಮೊದಲು ನಕ್ಕರಂತೆ. ಅವನ ಮುಖ ನೋಡಿ ನಗು ನಿಲ್ಲಿಸಿ, ಕೀ ಮೇಜಿನ ಮೇಲೆ ಇಡು ಅಂದರಂತೆ. ಕಣ್ಣಿನ ಡಾಕ್ಟರು ಹೇಳಿದ್ದು ಗ್ಲುಕೋಮಾ. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ತಿಂದಿದೆ. ಎಡಗಣ್ಣಿನದು ಬಹಳ ಮುಂದೆ ಹೋಗಿದೆ, ಬಲಗಣ್ಣಿನಲ್ಲೂ ಮೂಗಿನ ಕಡೆಯ ನೋಟ ಆಗಲೇ ಹೋಗಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ದಿನಾ ಹನಿ ಹಾಕಿ ಉಳಿಸಿಕೊಳ್ಳಬೇಕು. ನೇರಕ್ಕೆ ಚೆನ್ನಾಗಿ ಕಾಣುವುದರಿಂದ ರೋಗಿಗೇ ಗೊತ್ತಾಗುವುದಿಲ್ಲವಂತೆ. ಇದು ಮನೆತನದಲ್ಲಿ ಹರಿದು ಬರುವ ಕಾಯಿಲೆ, ಮಗಳನ್ನೂ ಕರೆತನ್ನಿ ಅಂದಾಗ ಅಳತೆ ಅಕ್ಕ ಅಂದೇ ಸಂಜೆ ಅವಳನ್ನು ಕರೆದೊಯ್ದಳು. ಪುಣ್ಯಕ್ಕೆ ಹುಡುಗಿಯ ಕಣ್ಣು ಸದ್ಯಕ್ಕೆ ಸರಿಯಿತ್ತು. ಪ್ರತಿ ವರ್ಷ ತೋರಿಸುತ್ತಿರಬೇಕು.

ಅವನಿಗೆ ಡಿಪೋದೊಳಗೆ ಕೂತು ಬಸ್ಸುಗಳು ಹೊರಡುವ ಸಮಯ ಬರೆಯುವ ಕೆಲಸ ಕೊಟ್ಟರು. ಕೆಲವು ದಿನ ಮನೆಗೆ ಬಂದವನೇ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಸ್ಟೀರಿಂಗ್ ಕೈತಪ್ಪಿದ್ದಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು. ತನಗೆ ಗೊತ್ತಿಲ್ಲದೆ ತಾನು ಎಷ್ಟು ಜನರ ಪಕ್ಕದಲ್ಲಿ ಹಾದುಹೋದೆ ಎಂದು ಅವನು ಎಣಿಸುತ್ತಿದ್ದ.

ಇಷ್ಟರಲ್ಲಿ ಪ್ಲಂಬರ್ ಬಂದು ನಿಂತ. ಬಚ್ಚಲು ಹಾಗೇ ಬಾಯಿ ತೆರೆದುಕೊಂಡಿತ್ತು, ಸ್ನಾನಕ್ಕೆ ಪಕ್ಕದ ಮನೆಗೆ ಹೋಗುವುದೂ ಸಾಕಾಗಿತ್ತು. ಅಳತೆ ಅಕ್ಕ ಗಂಡನನ್ನು ಎಬ್ಬಿಸಿ ಕರೆತಂದು ರಟ್ಟುಗಳನ್ನು ಮತ್ತೆ ಹರಡಿದಳು. ಈ ಸಲ ತೀರ್ಮಾನ ಮಾಡಿದವನು ಅವನೇ. ಬೇಸಿನ್ನು ಬಲಕ್ಕೆ ಬಂತು. ಎಡಗೋಡೆ ಪೂರ್ತಿ ಖಾಲಿ, ಉದ್ದಕ್ಕೂ ಒಂದು ಕಂಬಿ, ಅದು ಅಮ್ಮನಿಗೂ ಆಯಿತು, ನನಗೂ ಆಗುತ್ತೆ ಅಂದ. ಬಾಗಿಲು ಹೊರಕ್ಕೆ ತೆರೆಯಬೇಕು. ನೆಲಕ್ಕೆ ಮೆಟ್ಟಿಲು ಬೇಡ, ಇಳಿಜಾರು ಸಾಕು. ಪೈಪು ಸುತ್ತಿ ಬರಬೇಕಾಗುತ್ತೆ ಎಂದು ಪ್ಲಂಬರ್ ಗೊಣಗಿದ. ಸುತ್ತಿ ಬರಲಿ ಅಂದಳು ಅವಳು.

ಡಿಪೋದಲ್ಲಿ ಅವನು ಗೆಳೆಯರನ್ನೆಲ್ಲ ಕಾಡಿ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ. ಅವರಲ್ಲಿ ಒಬ್ಬ ಅವನ ಹಾಗೆಯೇ ಕೀ ಒಪ್ಪಿಸಿ ಬಂದ. ಆ ಸುದ್ದಿ ಕೇಳಿದ ದಿನ ಅಳತೆ ಅಕ್ಕನಿಗೆ ಊಟ ಸೇರಲಿಲ್ಲ. ಈಗಲೂ ಮುಖ್ಯರಸ್ತೆಯಲ್ಲಿ ಬಸ್ಸು ಕಿರ್ರೆಂದು ನಿಂತ ಸದ್ದಾದರೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಾಳೆ. ಗಂಡ ಒಳಗೆ ಮುಖ ತೊಳೆಯುತ್ತಿರುತ್ತಾನೆ. ಆದರೂ ಓಡುತ್ತಾಳೆ.