ಸೀಮಾಳ ಎರಡನೆಯ ಅಂಕ

ಯಡೂರಿನ ಬಾಳಾಸಾಬನ ಮಗಳು ಸೀಮಾ ಬಾಯಿಸತ್ತ ಹುಡುಗಿಯೇನಲ್ಲ. ಚಿಕ್ಕೋಡಿ ಬಸ್ಸಿನಲ್ಲಿ ಕಂಡಕ್ಟರ ಚಿಲ್ಲರೆ ಕೊಡದಿದ್ದರೆ ಸ್ಟ್ಯಾಂಡು ಬರುವತನಕ ಬಿಡುತ್ತಿರಲಿಲ್ಲ. ಅಂಥವಳು ತನ್ನ ಲಗ್ನದ ಮಾತಿನಲ್ಲಿ ಸುಮ್ಮನೆ ಕೂತಳೆಂದರೆ ಅದಕ್ಕೆ ಕಾರಣ ಇಂಗ್ಲಿಷ್ ಕ್ಲಾಸು. ಯಾರಿಗೆ ಹೇಳಿದರೂ ನಂಬುವುದಿಲ್ಲ, ಆದರೂ ನಿಜ.

ಎರಡು ಸಾವಿರದ ಹನ್ನೆರಡರ ಚಳಿಗಾಲ, ಬಿ.ಎ. ಕೊನೆಯ ವರ್ಷ. ವಿರುಪಾಕ್ಷಪ್ಪ ಸರ್ ಆ ದಿನ ಪುಸ್ತಕ ಮುಚ್ಚಿಟ್ಟು, ಸಿನಿಮಾದ ಕತೆಯನ್ನು ಹೇಗೆ ಕಟ್ಟುತ್ತಾರೆ ಎಂದು ಹೇಳಿದರು. ಮೂರು ಅಂಕ. ಮೊದಲನೆಯದರಲ್ಲಿ ನಾಯಕಿ ಯಾರು, ಆಕೆಗೆ ಏನು ಬೇಕು ಎಂಬುದು. ಎರಡನೆಯದು ಎಲ್ಲಕ್ಕೂ ಉದ್ದ. ಅಡ್ಡಿ ಮೇಲೆ ಅಡ್ಡಿ, ನಡುವೆ ಇಂಟರ್ವೆಲ್ಲು, ಕೊನೆಗೆ ಇನ್ನು ಮುಗಿಯಿತು ಅನ್ನುವಷ್ಟು ಸೋಲು. ಮೂರನೆಯದರಲ್ಲಿ ಎದ್ದು ನಿಲ್ಲುವುದು. ನಾಯಕಿ ಬಾಯಿ ಬಿಡುವುದು ಯಾವಾಗ ಎಂದು ಸೀಮಾ ಕೇಳಿದಳು.

"ಎರಡನೇ ಅಂಕ ಮುಗಿಯೂ ಮುಂದವ್ವಾ. ಮೊದಲನೇದ್ರಾಗ ಎಲ್ಲಾ ಹೇಳಿಬಿಟ್ರ ಪಿಚ್ಚರ್ ಎಲ್ಲಿ ಉಳೀತು?" ಎಂದರು ಸರ್. ಕ್ಲಾಸೆಲ್ಲ ನಕ್ಕಿತು. ಸೀಮಾ ಮಾತ್ರ ಆ ಮಾತನ್ನು ಗಂಟು ಕಟ್ಟಿಕೊಂಡು ಮನೆಗೆ ಹೋದಳು.

ಅವಳಿಗೆ ಬೇಕಾದದ್ದು ಒಂದೇ: ಬಿ.ಎ. ಮುಗಿಸಿ, ಬಿ.ಎಡ್. ಮಾಡಿ ಇಂಗ್ಲಿಷ್ ಕಲಿಸುವುದು. ಮರುವಾರವೇ ಕಾಗವಾಡದಿಂದ ಹೆಣ್ಣು ನೋಡಲು ಬಂದರು. ದ್ರಾಕ್ಷಿ ತೋಟದವರು, ಹುಡುಗ ಸಂಗ್ರಾಮ ಬೀಡಿ ಮುಟ್ಟದವ, ಮೆತ್ತಗಿನವ. ಕೆಟ್ಟವರು ಯಾರೂ ಇರಲಿಲ್ಲ, ಅದೇ ತಾಪತ್ರಯ. ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ ಸೀಮಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇದಿನ್ನೂ ಮೊದಲನೆಯ ಅಂಕ, ಅವಸರ ಯಾಕೆ! ಯಾದಿ ಆಗಬೇಕು, ಅಂದರೆ ಕೊಡುವುದು ತರುವುದು ಮಾತಾಡಿ ಲಗ್ನದ ದಿನ ಹಿಡಿಯಬೇಕು. ಆಮೇಲೆ ಲಗ್ನಕ್ಕೆ ಮೂರ್ನಾಲ್ಕು ತಿಂಗಳು. ಅಷ್ಟರಲ್ಲಿ ಪರೀಕ್ಷೆ ಮುಗಿಯುತ್ತದೆ, ಸಕ್ಕರೆ ಕಾರ್ಖಾನೆಯಲ್ಲಿರುವ ದುಂಡೇಶ ಮಾಮಾ ಬಂದು ಅಪ್ಪನಿಗೆ ಬುದ್ಧಿ ಹೇಳುತ್ತಾನೆ. ಯಾದಿ ಮುಗಿಯಲಿ, ನಾನು ನೋಡಿಕೊಳ್ಳುತ್ತೇನೆ ಎಂದು ಮಾಮಾ ಫೋನಿನಲ್ಲಿ ಮಾತು ಕೊಟ್ಟಿದ್ದ. ಅಯ್ಯೋ ಹುಚ್ಚಿ, ನಮ್ಮ ಕಡೆ ಹುಡುಗಿ ಸುಮ್ಮನಿದ್ದರೆ ಅದೇ ಒಪ್ಪಿಗೆಯೆಂದು ಸಕ್ಕರೆ ಹಂಚುತ್ತಾರೆ.

ಯಾದಿಯ ದಿನ ಎರಡೂ ಕಡೆಯ ಮಂದಿ ಅಂಗಳ ತುಂಬಿದರು. ಊಟಕ್ಕೆ ಮುಂಚೆ ಹುಡುಗನ ಕಡೆಯ ಹಿರಿಯ ಬಾಪುಸಾಹೇಬ ಗಂಟಲು ಸರಿಮಾಡಿಕೊಂಡ.

"ಎಲ್ಲಾರೂ ಬಂದಾರ, ಭಟ್ಟರೂ ಅದಾರ. ಮತ್ತೊಮ್ಮೆ ಯಾಕ ಖರ್ಚು? ಯಾದಿ ಪೇ ಶಾದಿ ಮಾಡಿಬಿಡೂಣ."

ಬಾಳಾಸಾಬನ ಮುಖ ಅರಳಿತು. ಇದೇನು ಹೊಸದೆ? ಯಾದಿಗೆ ಕೂತ ಜಾಗದಲ್ಲೇ ತಾಳಿ ಕಟ್ಟಿಸಿ ಎದ್ದವರು ಇಲ್ಲಿ ಊರೂರಿಗೂ ಇದ್ದಾರೆ. ಸೀಮಾಗೂ ಗೊತ್ತಿತ್ತು, ಆದರೆ ಅದು ಬೇರೆಯವರ ಮನೆಯಲ್ಲಿ ಆಗುವುದೆಂದು ತಿಳಿದಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವ ಹಾಗೂ ಇಲ್ಲ. ಇಲ್ಲಿ ದೈವ ಏನೂ ಬಗೆಯಲಿಲ್ಲ, ಬಗೆದದ್ದು ಬಾಪುಸಾಹೇಬ.

ನೋಡನೋಡುತ್ತ ಹಳದಿ ಸೀರೆ ಉಡಿಸಿದರು, ಕೈತುಂಬ ಹಸಿರು ಬಳೆ ಇಟ್ಟರು. ನನಗೆ ಪರೀಕ್ಷೆ ಇದೆ, ಇದು ಬೇಡ ಎಂದು ಸೀಮಾ ಅವ್ವ ಅಕ್ಕುತಾಯಿಯ ಕೈ ಹಿಡಿದಳು. ಅವ್ವ ಅತ್ತಳು. ಮಗಳನ್ನು ಕಳಿಸುವ ದುಃಖವೆಂದು ಸುತ್ತಲಿನ ಹೆಂಗಸರು ಸಮಾಧಾನ ಮಾಡಿದರು. ಮಾಮಾನನ್ನು ಕರೆಯಿರಿ ಎಂದಳು ಸೀಮಾ. ಕರೆಯುವುದೇನಿತ್ತು? ಲಗ್ನದಲ್ಲಿ ಹುಡುಗಿಯ ಬೆನ್ನಿಗೆ ನಿಲ್ಲುವುದು ಸೋದರಮಾವನ ಮಾನ. ದುಂಡೇಶ ತಲೆಗೆ ಹೊಸ ಪಟಗಾ ಸುತ್ತಿಸಿಕೊಂಡು ಆಗಲೇ ತಯಾರಾಗಿದ್ದ.

ಮುಂದೆ ಅಂತರಪಟ ಹಿಡಿದರು. ಹಿಂದೆ ಮಾಮಾ ನಿಂತ. ಸೀಮಾ ತಿರುಗದೆಯೇ ಮಾತಾಡಿದಳು.

"ಮಾಮಾ, ಈಗರ ಹೇಳ. ನೀ ಹೇಳ್ತೀನಿ ಅಂದಿದ್ದಿ."

ದುಂಡೇಶ ಅವಳ ಕಿವಿಯತ್ತ ಬಗ್ಗಿದ. "ಹೆಂಗ ಹೇಳ್ಲೆವ್ವಾ, ಮಂದಿ ಅಕ್ಕಿಕಾಳ ಹಿಡಕೊಂಡ ನಿಂತಾರಲ್ಲ" ಎಂದ.

ಅವನ ಮುಷ್ಟಿಯಲ್ಲೂ ಅಕ್ಷತೆಯ ಅಕ್ಕಿಕಾಳು ಇದ್ದವು. ಭಟ್ಟರು ಮಂಗಲಾಷ್ಟಕ ಮುಗಿಸಿ ಸಾವಧಾನ ಅಂದರು. ಎಲ್ಲರಿಗಿಂತ ಹತ್ತಿರ ನಿಂತಿದ್ದ ಮಾಮಾನ ಅಕ್ಕಿಯೇ ಮೊದಲು ಅವಳ ತಲೆಯ ಮೇಲೆ ಬಿತ್ತು.