ಮಾವನ ಕಣ್ಣಿಗೆ ಬೀಳದ ಬಲೆಗೊಂದು ಜಿಪಿಎಸ್

ನಾನು ಜಿಪಿಎಸ್ ಮಿಷನ್ ಕೊಂಡಿದ್ದು ಸೋದರಮಾವನ ಮೇಲಿನ ಸಿಟ್ಟಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೆರೆ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಇದೆ. ನಾಲೆ ನೀರಿನಿಂದ ತುಂಬುವ ಕೆರೆ. ಹತ್ತು ಹನ್ನೆರಡು ಮನೆಯವರು ತೆಪ್ಪ ಹಾಕಿಕೊಂಡು ಬಲೆ ಬಿಡುತ್ತೇವೆ. ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತೇವೆ. ಯಾರ ಜಾಗ ಎಲ್ಲಿ ಅನ್ನುವುದನ್ನು ವರ್ಷಕ್ಕೊಮ್ಮೆ ನಾಲೆ ನೀರು ಬಂದಾಗ ಏರಿ ಮೇಲೆ ಕೂತು ತೀರ್ಮಾನ ಮಾಡುತ್ತಾರೆ. ನಮ್ಮಲ್ಲಿ ಎಲ್ಲರಿಗಿಂತ ವಯಸ್ಸಾದ ಅಜ್ಜ ಒಬ್ಬ ಇದ್ದಾನೆ, ಅವನು ಹೇಳಿದ್ದೇ ಕೊನೆ. ಸುಮ್ಮಸುಮ್ಮನೆ ಜಾಗ ಬದಲಾಯಿಸುವುದಿಲ್ಲ. ಆದರೆ ಒಬ್ಬನ ಬಲೆ ತಿಂಗಳುಗಟ್ಟಲೆ ಖಾಲಿ ಬಂದರೆ, ಇವನಿಗೆ ಕೈಲಾಗುವುದಿಲ್ಲ ಅಂತ ಮೇಲುಗಡೆಯ ತೆಳು ನೀರಿಗೆ ತಳ್ಳುತ್ತಾರೆ. ಅಲ್ಲಿ ಕಳೆ, ಕೆಸರು, ಮುಳುಗಿದ ಜಾಲಿ ಮರದ ಬೊಡ್ಡೆಗಳು. ಬಲೆ ಹರಿಯುತ್ತದೆ, ಮೀನು ಬೀಳುವುದಿಲ್ಲ.

ಇನ್ನೊಂದು ಪದ್ಧತಿ ಇದೆ. ಗಾಳಿಗೆ ಕಳೆ ತೇಲಿಬಂದು ಯಾರದಾದರೂ ಬಲೆಗೆ ಸುತ್ತಿಕೊಳ್ಳುವ ಹಾಗಿದ್ದರೆ, ಮೊದಲು ನೋಡಿದವನು ಎತ್ತಿ ದಡಕ್ಕೆ ಹಾಕಬಹುದು. ಕೇಳಬೇಕಾಗಿಲ್ಲ. ಆದರೆ ಇನ್ನೊಬ್ಬರ ಬಲೆಗೆ ಕತ್ತಿ ತಾಗಿಸುವ ಹಾಗಿಲ್ಲ. ಏನೇ ಆದರೂ ಇಲ್ಲ.

ಅಪ್ಪ ಸತ್ತ ಮೇಲೆ ತೂಬಿನ ಎದುರಿನ ಮಡು ನನಗೆ ಬಂತು. ಕೆರೆಯಲ್ಲೇ ಒಳ್ಳೆಯ ಜಾಗ ಅದು. ಅದರ ಗುರುತು ತೋರಿಸಿಕೊಟ್ಟವನು ಮಾವನೇ. ಒಂದು ಕಡೆ ಒಂಟಿ ತಾಳೆಮರ ಊರಿನ ನೀರಿನ ಟ್ಯಾಂಕಿಗೆ ಅಡ್ಡ ಬರಬೇಕು, ಇನ್ನೊಂದು ಕಡೆ ಇಟ್ಟಿಗೆ ಗೂಡು ಗುಡಿಯ ಗೋಡೆಗೆ ಅಡ್ಡ ಬರಬೇಕು. ಎರಡೂ ಕೂಡಿದ ಕಡೆ ಕೆಳಗೆ ಮಡು. ನಾನು ಕಲಿತೆ. ಅವನಿಗೆ ಮೊದಲೇ ಗೊತ್ತಿತ್ತು.

ಆ ವರ್ಷ ನನ್ನ ಬಲೆ ಒಂದೋ ಖಾಲಿ ಬರುತ್ತಿತ್ತು, ಇಲ್ಲ ನಾನು ಹೋಗುವಷ್ಟರಲ್ಲಿ ದಡದ ಮೇಲೆ ಬಿದ್ದಿರುತ್ತಿತ್ತು. ಮೇಲೆ ಎರಡು ಹಿಡಿ ಕಳೆ. ಕೇಳಿದರೆ ಮಾವ ಒಂದೇ ಮಾತು ಹೇಳುತ್ತಿದ್ದ.

"ಕಳೆ ಬಂದಿತ್ತು ಕಣ್ಲಾ ಅಳ್ಯಾ. ಎತ್ತಿ ಮಡಗ್ದೆ."

ಮೀನು ಎಲ್ಲಿ ಅಂದರೆ ಬಿದ್ದಿರಲೇ ಇಲ್ಲ ಅನ್ನುತ್ತಿದ್ದ. ಅವನ ತೆಪ್ಪದ ತುಂಬಾ ಕಾಟ್ಲಾ ಮೀನಿನ ಪೊರೆ ಅಂಟಿರುತ್ತಿತ್ತು. ಅವನ ಜಾಗದಲ್ಲಿ ಸಣ್ಣ ಜಿಲೇಬಿ ಮೀನು ಬಿಟ್ಟರೆ ಬೇರೇನೂ ಬೀಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಪದ್ಧತಿ ಅವನ ಕಡೆಗಿತ್ತು. ಕಳೆ ಬಂದಿತ್ತು ಅಂದರೆ ಬಂದಿತ್ತು, ಅಷ್ಟೇ. ವರ್ಷ ಕಳೆದು ಏರಿ ಮೇಲೆ ಕೂತಾಗ ಮಾವನೇ ಎದ್ದು ನಿಂತು, ಹುಡುಗ ಚಿಕ್ಕವನು, ಆಳದ ನೀರು ಅವನಿಗೆ ಆಗಿಬರುತ್ತಿಲ್ಲ, ಸ್ವಲ್ಪ ದಿನ ನಾನು ನೋಡಿಕೊಳ್ಳುತ್ತೇನೆ ಅಂದ. ಬಾಯಲ್ಲಿ ಅಯ್ಯೋ ಪಾಪ ಬೇರೆ. ಅಪ್ಪನ ಮಡು ಅವನಿಗೆ ಹೋಯಿತು. ನಾನು ಜಾಲಿ ಬೊಡ್ಡೆಗಳ ನಡುವೆ ಬಂದೆ.

ಆವತ್ತೇ ಅಂದುಕೊಂಡೆ, ಇವನನ್ನು ಇದೇ ಕೆಸರಿಗೆ ತಂದು ಹಾಕುತ್ತೇನೆ ಅಂತ.

ತೆಳು ನೀರಿನಲ್ಲಿ ಸುತ್ತುವಾಗ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಾ ಹೋಗುತ್ತಿದ್ದೆ. ಒಂದು ಕಡೆ ಕಲ್ಲು ಇಳಿದು ಇಳಿದು ಎರಡಾಳು ಹೋಯಿತು. ಕೆರೆ ಕಟ್ಟುವ ಮುಂಚೆ ಹರಿಯುತ್ತಿದ್ದ ಹಳ್ಳದ ದಾರಿ. ಅಗಲ ಕಡಿಮೆ, ಉದ್ದ ಇದೆ. ಬಿಸಿಲಿಗೆ ಮೀನೆಲ್ಲ ಅಲ್ಲೇ ಇಳಿದು ಕೂರುತ್ತದೆ. ಯಾರಿಗೂ ಗೊತ್ತಿರಲಿಲ್ಲ. ಆದರೆ ನೀರ ಮೇಲೆ ತೇಲುವ ಬಾಟಲಿ ಬೆಂಡು ಕಟ್ಟಿ ಬಲೆ ಬಿಟ್ಟರೆ ಮಾರನೇ ದಿನವೇ ಮಾವನಿಗೆ ಗೊತ್ತಾಗುತ್ತದೆ. ಬೆಂಡು ಇಲ್ಲದೆ ಮುಳುಗಿಸಿದರೆ ನನಗೇ ಸಿಗುವುದಿಲ್ಲ. ಗುರುತಿಗೆ ಅಲ್ಲಿ ಮರ ಇಲ್ಲ, ಗೂಡು ಇಲ್ಲ, ಸುತ್ತ ನೀರು.

ಮೊದಲು ಫೋನಿನಲ್ಲಿ ಜಾಗ ಗುರುತು ಹಾಕಿಕೊಂಡೆ. ಒದ್ದೆ ಬೆರಳಿಗೆ ಅದು ಕೇಳುವುದಿಲ್ಲ. ಬಿಸಿಲಿಗೆ ಏನೂ ಕಾಣುವುದಿಲ್ಲ. ನರಸೀಪುರದ ಬಲೆ ಅಂಗಡಿಯವನು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ, ಒಳಗೆ ಹಾಕಿ ಕೊರಳಿಗೆ ನೇತುಹಾಕಿಕೋ ಅಂತ. ಒಳಗೆಲ್ಲ ಬೆವರು ಕಟ್ಟಿ ಮಬ್ಬಾಯಿತು. ತೆಗೆದು ಒರೆಸಲು ಹೋದೆ, ಫೋನ್ ಕೆರೆಗೆ ಬಿತ್ತು.

ನಂಜನಗೂಡಿನಲ್ಲಿ ಮೋಜಣಿ ಸಾಮಾನು ರಿಪೇರಿ ಮಾಡುವವನೊಬ್ಬ ಇದ್ದಾನೆ. ಜಮೀನು ಅಳೆಯುವವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಮಿಷನ್ನುಗಳನ್ನು ಅವನ ಹತ್ತಿರ ಬಿಟ್ಟುಹೋಗಿರುತ್ತಾರೆ. ಮೂರು ತೆಗೆದು ಮೇಜಿನ ಮೇಲೆ ಇಟ್ಟ. ಒಂದು ಹೊಸದು, ಬೆರಳಿನಲ್ಲಿ ಮುಟ್ಟುವ ದೊಡ್ಡ ಪರದೆ, ಬಣ್ಣಬಣ್ಣದ ಮ್ಯಾಪು. ಇನ್ನೊಂದು ಸಣ್ಣದು, ಚಾರ್ಜ್ ಹಾಕುವಂಥದ್ದು. ಮೂರನೆಯದು ಹಳೆಯದು, ದಪ್ಪ, ಗುಂಡಿ ಒತ್ತುವಂಥದ್ದು, ಮೈಯೆಲ್ಲಾ ಗೀರು.

ಅವನು ಮ್ಯಾಪಿನ ಬಗ್ಗೆ ಹೇಳುತ್ತಲೇ ಇದ್ದ. ನನಗೆ ಮ್ಯಾಪು ಬೇಡ ಸಾ, ಬಕೆಟ್ಟಿನಲ್ಲಿ ನೀರು ಕೊಡಿ ಅಂದೆ. ಅವನು ಗಾಬರಿಯಾದ. ಹೊಸದನ್ನು ಕೈಗೆ ಕೊಡಲೇ ಇಲ್ಲ. ಮೇಜಿನ ಮೇಲೆ ಇದ್ದ ಹಾಗೇ ಒದ್ದೆ ಬೆರಳನ್ನು ಅದರ ಪರದೆ ಮೇಲೆ ಇಟ್ಟೆ, ಮ್ಯಾಪು ಎಲ್ಲೆಲ್ಲಿಗೋ ಓಡಿತು. ಅಲ್ಲಿಗೆ ಅದರ ಕತೆ ಮುಗಿಯಿತು.

ಉಳಿದ ಎರಡನ್ನು ಒಂದು ಗಂಟೆ ಕೊಡಿ ಅಂತ ಬೈಕಿನ ಆರ್‌ಸಿ ಅವನ ಹತ್ತಿರ ಬಿಟ್ಟು ಕಪಿಲಾ ನದಿಗೆ ಹೋದೆ. ಸ್ನಾನಘಟ್ಟದ ಒಂದು ಮೆಟ್ಟಿಲ ಮೇಲೆ ನಿಂತು ಎರಡರಲ್ಲೂ ಜಾಗ ಗುರುತು ಹಾಕಿದೆ. ದೂರ ನಡೆದುಹೋಗಿ, ಪರದೆ ಒಂದನ್ನೇ ನೋಡುತ್ತಾ ವಾಪಸ್ ಬಂದೆ. ಚಾರ್ಜ್ ಮಿಷನ್ ನನ್ನನ್ನು ಬಟ್ಟೆ ಒಗೆಯುವ ಹೆಂಗಸರ ನಡುವೆ ತಂದು ನಿಲ್ಲಿಸಿತು. ಕಣ್ಣು ನೆತ್ತಿ ಮೇಲಿದೆಯೇನೋ ಅಂತ ಒಬ್ಬಳು ಬೈದಳು. ಗುಂಡಿ ಮಿಷನ್ ಅದೇ ಮೆಟ್ಟಿಲಿಗೆ ಎರಡು ಮಾರು ಹತ್ತಿರ ತಂದಿತು. ಮತ್ತೆ ಮಾಡಿದೆ. ಮತ್ತೆ ಎರಡು ಮಾರು. ಬಲೆ ಅದಕ್ಕಿಂತ ಎಷ್ಟೋ ಉದ್ದ ಇರುತ್ತದೆ. ಹಗ್ಗಕ್ಕೆ ಪಾತಾಳಗರಡಿಯ ಕೊಕ್ಕೆ ಕಟ್ಟಿ ಎಳೆದರೆ ಸಿಕ್ಕೇ ಸಿಗುತ್ತದೆ. ನಡು ಬಿಸಿಲಿನಲ್ಲಿ ಅದರ ಬಾಣದ ಗುರುತು ಕಪ್ಪಗೆ ಎದ್ದು ಕಾಣುತ್ತಿತ್ತು. ನೀರಿನಲ್ಲಿ ಮುಳುಗಿಸಿ ಎತ್ತಿದೆ, ನಡೆಯುತ್ತಿತ್ತು. ಒಳಗೆ ಎರಡು ಪೆನ್ಸಿಲ್ ಸೆಲ್. ನಮ್ಮೂರಿನ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಸೆಲ್. ಅದನ್ನೇ ತೆಗೆದುಕೊಂಡೆ.

ಹಳ್ಳದ ದಾರಿ ಉದ್ದಕ್ಕೂ ಜಾಗ ಗುರುತು ಹಾಕಿದೆ. ಜಾಲಿ ಬೊಡ್ಡೆಗಳು ಎಲ್ಲೆಲ್ಲಿವೆ ಅನ್ನುವುದನ್ನೂ ಹಾಕಿದೆ. ಬಲೆಗೆ ಸೀಸದ ಗುಂಡು ಜಾಸ್ತಿ ಕಟ್ಟಿ, ಬೆಂಡು ಬಿಡದೆ ಮುಳುಗಿಸಿದೆ. ಮಾರನೇ ದಿನ ಬೆಳಿಗ್ಗೆ ತೂಬಿನ ಹತ್ತಿರ ನನ್ನ ಮೀನು ತೂಕಕ್ಕೆ ಹಾಕಿದಾಗ ಎಲ್ಲರೂ ತಿರುಗಿ ನೋಡಿದರು. ಒಂದು ವಾರ ಹೀಗೇ ಆಯಿತು. ಮಾವ ದಿನಾ ನನ್ನ ಕಡೆಗೆ ತೆಪ್ಪ ತಿರುಗಿಸುತ್ತಿದ್ದ. ಒಂದು ಬಾಟಲಿಯೂ ಕಾಣದೆ ವಾಪಸ್ ಹೋಗುತ್ತಿದ್ದ. ಎಲ್ಲಿ ಬಿಡುತ್ತೀಯಾ ಅಂತ ಅವ್ವನ ಕೈಲಿ ಕೇಳಿಸಿದ. ಅವನಿಗೆ ನಿದ್ದೆ ಬರುತ್ತಿರಲಿಲ್ಲ ಅಂತ ಅತ್ತೆ ಹೇಳಿದಳು. ಕೇಳಿ ನನಗೆ ಹೊಟ್ಟೆ ತುಂಬಿತು.

ಧನುರ್ಮಾಸ ಬಂತು. ಬೆಳಿಗ್ಗೆ ಮಂಜು ಹೇಗೆ ಬೀಳುತ್ತದೆ ಅಂದರೆ ತೆಪ್ಪದ ಅಂಚು ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ಸಂಜೆ ಹಳೆಯ ಬಲೆಯೊಂದನ್ನು ತೆಗೆದುಕೊಂಡು ಹೋಗಿ ಜಾಲಿ ಬೊಡ್ಡೆಗಳಿಗೆ ಸುತ್ತಿ ಸುತ್ತಿ ಬಿಟ್ಟೆ. ದಡದಿಂದಲೇ ಕಾಣುವ ಹಾಗೆ ಎರಡು ಬಿಳಿ ಬಾಟಲಿ ಕಟ್ಟಿದೆ. ಆ ಜಾಗವನ್ನೂ ಮಿಷನ್ನಿನಲ್ಲಿ ಹಾಕಿಕೊಂಡೆ. ಏರಿ ಮೇಲೆ ಕೂತಿದ್ದ ಮಾವ ನೋಡಿದ. ಅವನು ನೋಡಲಿ ಅಂತಲೇ ಮಾಡಿದ್ದು.

ಮಾರನೇ ಬೆಳಿಗ್ಗೆ ಅಜ್ಜನನ್ನು ಕರೆದೆ. ನನ್ನ ಕಡೆ ಕಳೆ ಜಾಸ್ತಿಯಾಗಿದೆ, ಒಂದು ಸಲ ನೋಡಿ ಅಂದೆ. ಈ ಮಂಜಿನಲ್ಲಿ ದಾರಿ ಎಲ್ಲಿ ಸಿಗುತ್ತದೆ ಅಂತ ಅವನು ಗೊಣಗಿದ. ಆದರೂ ತೆಪ್ಪ ಹತ್ತಿದ. ನಾನು ಮಿಷನ್ ತೊಡೆ ಮೇಲೆ ಇಟ್ಟುಕೊಂಡು ಬಾಣ ತೋರಿಸಿದ ಕಡೆ ಹುಟ್ಟು ಹಾಕಿದೆ, ಸದ್ದಿಲ್ಲದೆ. ನಲವತ್ತು ಮೀಟರ್ ಅಂತ ತೋರಿಸಿತು. ಆಮೇಲೆ ಇಪ್ಪತ್ತು. ಮುಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಆಮೇಲೆ ಮಾವ ಕಾಣಿಸಿದ.

ಅರ್ಧ ಬಲೆ ಅವನ ತೆಪ್ಪದ ಬಿದಿರಿಗೆ ಸುತ್ತಿಕೊಂಡಿತ್ತು. ಅರ್ಧ ಕೆಳಗೆ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಎಳೆದರೂ ಬರುವುದಿಲ್ಲ, ಬಿಟ್ಟರೂ ಹೋಗುವುದಿಲ್ಲ. ಮಾವ ಕತ್ತಿ ಹಿಡಿದು ನನ್ನ ಬಲೆ ಕೊಯ್ಯುತ್ತಿದ್ದ.

"ಕಳೆ ಬಂದಿತ್ತು ಕಣ್ಲಾ," ಅಂದ. ಅಭ್ಯಾಸ.

ಅಜ್ಜ ಬಗ್ಗಿ ನೋಡಿದ. ಅಲ್ಲಿ ಒಂದು ಎಲೆ ಕಳೆಯೂ ಇರಲಿಲ್ಲ.

"ಕಳೆ ಕುಯ್ಯಕ್ಕೆ ಬಲೆ ಯಾಕ್ಲಾ ಬೇಕಾಯ್ತು ನಿಂಗೆ?"

ಮಾವ ಕತ್ತಿ ಕೆಳಗಿಟ್ಟ. ಈ ಮಂಜಿನಲ್ಲಿ ನೀವು ಹೇಗೆ ಬಂದಿರಿ ಅಂತ ಕೇಳಿದ. ನಾನು ಮಿಷನ್ ಜೇಬಿಗೆ ಹಾಕಿಕೊಂಡೆ. ನನ್ನ ಕತ್ತಿಯಿಂದ ನನ್ನ ಬಲೆ ಕೊಯ್ದು ಅವನನ್ನು ಬಿಡಿಸಬಹುದಾಗಿತ್ತು. ಬಿಡಿಸಲಿಲ್ಲ. ಅಜ್ಜನೂ ಬಿಡಿಸು ಅನ್ನಲಿಲ್ಲ. ತೆಪ್ಪ ತಿರುಗಿಸಿಕೊಂಡು ಬಂದೆವು. ಮಾವ ಎದೆಮಟ್ಟದ ಕೆಸರು ನೀರಿಗೆ ಇಳಿದು ಬೊಡ್ಡೆಯಿಂದ ಒಂದೊಂದೇ ಎಳೆ ಬಿಡಿಸಿ, ಬಿಸಿಲು ಏರಿದ ಮೇಲೆ ದಡಕ್ಕೆ ಬಂದ. ಅಷ್ಟು ಹೊತ್ತಿಗೆ ಎಲ್ಲರೂ ತೂಬಿನ ಹತ್ತಿರ ಸೇರಿದ್ದರು. ಮುಳ್ಳು ಗೀರಿ ಕೈಯೆಲ್ಲ ರಕ್ತ. ನಾನು ಚೆನ್ನಾಗಿ ನೋಡಿದೆ.

ನಾಲೆ ನೀರು ಬರುವವರೆಗೆ ಕಾಯಲಿಲ್ಲ. ಅಜ್ಜ ಆವತ್ತೇ ಹೇಳಿದ, ಮಡು ಹುಡುಗನಿಗೆ, ಮೇಲುಗಡೆ ಇವನಿಗೆ ಅಂತ. ಮಾವ ತಲೆ ಎತ್ತಲಿಲ್ಲ.

ಎಂಟು ದಿನ ಆದಮೇಲೆ ಮನೆಗೆ ಬಂದ. ಅವ್ವ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ನನ್ನ ಕಡೆ ನೋಡದೆ ಹೇಳಿದ.

"ಅಲ್ಲೆಲ್ಲೋ ಆಳ ಅದಂತಲ್ಲಾ ಅಳ್ಯಾ. ನೀನೀಗ ಅಲ್ಲಿ ಬಲೆ ಬುಡಕಿಲ್ಲ. ಎಲ್ಲದೆ ಅಂತ ಏಳು, ನಾನಾರ ಬದಿಕ್ಕತೀನಿ."

"ಚಿಕ್ಕವ್ನು ಕಣ್ ಮಾವ, ಆಳದ್ ನೀರು ನಂಗೆ ಗೊತ್ತಾಗಕಿಲ್ಲ," ಅಂದೆ.

ಅವ್ವ, ನನ್ನ ಒಡಹುಟ್ಟಿದವನು ಕಣೋ ಅಂತ ಅತ್ತಳು. ಎರಡು ದಿನ ತಟ್ಟೆ ಇಟ್ಟು ಮಾತಾಡದೆ ಹೋದಳು. ನಾನು ಉಂಡೆ. ಹೇಳಲಿಲ್ಲ.

ಈಗ ದಿನಾ ಬೆಳಿಗ್ಗೆ ಅಪ್ಪನ ಮಡುವಿನಲ್ಲಿ ಕೂತು ಅವನನ್ನು ನೋಡುತ್ತೇನೆ. ಉದ್ದದ ಗಳ ಹಿಡಿದು ನೀರಿಗೆ ಚುಚ್ಚುತ್ತಾ ಹುಡುಕುತ್ತಾನೆ. ಮೊನ್ನೆ ಹಳ್ಳದ ಅಂಚಿಗೇ ಬಂದಿದ್ದ. ಇನ್ನೂ ಎರಡು ಮಾರು ಎಡಕ್ಕೆ ಹೋಗಿದ್ದರೆ ಗಳ ಕೈಬಿಟ್ಟು ಇಳಿಯುತ್ತಿತ್ತು. ಸ್ವಲ್ಪ ಹೊತ್ತು ನಿಂತ. ಆಮೇಲೆ ಬಲಕ್ಕೆ ಹೋದ.

ನಾನು ನನ್ನ ಬಲೆ ಎಳೆದುಕೊಂಡೆ. ಒಳ್ಳೇ ಕಾಟ್ಲಾ ಬಿದ್ದಿತ್ತು.